ಮೂರನೇ ಕೂಗಿಗೆ ಬಿಡು: ಹೊಸದಾಗಿ ಕವಣೆ ಹಿಡಿಯುವವರಿಗೆ

ಹೊರಗೆ ಹೋಗಿ ಆಡುವಂಥದ್ದು ಏನಾದರೂ ಹೇಳು, ಜಾಸ್ತಿ ದುಡ್ಡು ಬೇಕಾಗಬಾರದು, ಜೊತೆಗಾರರನ್ನು ಕಾಯಬಾರದು ಎಂದು ಯಾರಾದರೂ ಕೇಳಿದರೆ ನಾನು ಈಗ ಒಂದೇ ಮಾತು ಹೇಳುತ್ತೇನೆ. ಕವಣೆ ಬೀಸಿ. ಎರಡು ಹಗ್ಗ, ನಡುವೆ ಕಲ್ಲು ಇಡಲು ಒಂದು ಅಗಲವಾದ ಪಟ್ಟಿ, ಮುಂದೆ ಒಂದು ಖಾಲಿ ಹೊಲ. ಇಷ್ಟು ಸಾಕು. ಕವಲು ಕಟ್ಟಿಗೆಗೆ ರಬ್ಬರು ಕಟ್ಟಿ ಎಳೆದು ಬಿಡುತ್ತಾರಲ್ಲ, ಅದು ಬೇರೆ. ನಾನು ಹೇಳುತ್ತಿರುವುದು ತಿರುಗಿಸಿ ಬೀಸುವ ಹಳೆಯ ಕವಣೆ. ಜೋಳದ ಹೊಲ ಕಾಯುತ್ತಿದ್ದ ಕವಣೆ.

ನಾನಿರುವುದು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಉಮದಿ ಕಡೆ. ಗಡಿ ದಾಟಿದರೆ ಚಡಚಣ. ಮನೆಯ ಮಾತು ಕನ್ನಡ, ಹೊಲದ ಮಾತು ಕನ್ನಡ, ತಹಶೀಲ ಕಚೇರಿಯ ಮಾತು ಮರಾಠಿ. ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿ, ವಹಿ, ಕಂಪ್ಯೂಟರು. ಸಂಜೆ ಹೊತ್ತಿಗೆ ಕುತ್ತಿಗೆ ಮರಗಟ್ಟುತ್ತದೆ, ಕಣ್ಣು ಮಂಜಾಗುತ್ತದೆ. ದೂರಕ್ಕೆ ನೋಡುವ ಕೆಲಸ, ತೋಳು ಪೂರ್ತಿ ಚಾಚುವ ಕೆಲಸ ಏನಾದರೂ ಬೇಕು ಅನಿಸುತ್ತಿತ್ತು. ಅದು ನಮ್ಮ ಮನೆಯ ಮಾಡಿನ ಗಳಕ್ಕೇ ನೇತು ಬಿದ್ದಿತ್ತು. ನಮ್ಮ ಆಯಿಯ ಕವಣೆ. ಅವ್ವನ ಅವ್ವ, ಎಪ್ಪತ್ತು ದಾಟಿದ ಆಯಿ.

ನಮ್ಮದು ಮಳೆ ಕಡಿಮೆ ಇರುವ ಸೀಮೆ. ಎರಿ ಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಾರೆ. ಹೆಚ್ಚಿನವರದು ಮಾಲದಂಡಿ. ಪಕ್ಕದ ಸೋಲಾಪುರ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಜಿಐ ಗುರುತು, ಅಂದರೆ ಇದು ಇದೇ ಸೀಮೆಯ ಬೆಳೆ ಎಂಬ ಸರ್ಕಾರಿ ಗುರುತು, ಸಿಕ್ಕಿದೆ, ಆ ಜೋಳ ಇದೇ ಜಾತಿಯದು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಿತ್ತಿದರೆ ಜನವರಿ ಆಸುಪಾಸಿಗೆ ತೆನೆ ಹಾಲುಗಾಳು ಕಟ್ಟುತ್ತದೆ. ನಾವು ಸೀತನಿ ಸುಟ್ಟು ತಿನ್ನುವ ಕಾಲ ಅದು. ಕಾಳು ನಮಗೆ ಮೆತ್ತಗಿದ್ದರೆ ಹಕ್ಕಿಗೂ ಮೆತ್ತಗೆ ಅಲ್ವಾ? ಗುಬ್ಬಿ, ಗಿಳಿ ಇದ್ದೇ ಇರುತ್ತವೆ. ಅವುಗಳ ಜೊತೆಗೆ ಗುಲಾಬಿ ಕಬ್ಬಕ್ಕಿಗಳ ದೊಡ್ಡ ದೊಡ್ಡ ಹಿಂಡು. ಇವು ಪೂರ್ವ ಯುರೋಪು, ಮಧ್ಯ ಏಷ್ಯಾದ ಕಡೆ ಮರಿ ಮಾಡಿ ಚಳಿಗಾಲ ಕಳೆಯಲು ನಮ್ಮ ದಖ್ಖನಿಗೆ ಬರುತ್ತವೆ. ಒಂದು ಹಿಂಡು ಹೊಲದಲ್ಲಿ ಇಳಿದು ಎದ್ದರೆ ಆ ಮೂಲೆಯ ತೆನೆಯಲ್ಲಿ ಬರೀ ಹೊಟ್ಟು ಉಳಿಯುತ್ತದೆ. ಅದಕ್ಕೇ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಮಂಚಿಗೆ ಕಟ್ಟಿ, ಅದರ ಮೇಲೆ ನಿಂತು ಬೆಳಗಿನಿಂದ ಕವಣೆ ಬೀಸುವುದು. ಈ ಕೆಲಸ ಜಾಸ್ತಿ ಮಾಡಿದವರು ಹೆಂಗಸರು ಮತ್ತು ಮಕ್ಕಳು. ಗಂಡಸರು ಬೇರೆ ದಗದಕ್ಕೆ ಹೋಗುತ್ತಿದ್ದರು. ನಮ್ಮ ಆಯಿ ಏಳೆಂಟು ವರ್ಷದ ಹುಡುಗಿಯಾಗಿದ್ದಾಗಲೇ ಮಂಚಿಗೆ ಹತ್ತಿದವಳು.

ಈಗ ಮಂಚಿಗೆ ಕಾಣುವುದು ಅಪರೂಪ. ನೀರು ಬಂದ ಕಡೆ ದ್ರಾಕ್ಷಿ, ದಾಳಿಂಬೆ, ಕಬ್ಬು. ದ್ರಾಕ್ಷಿ ತೋಟಕ್ಕೆ ಬಲೆ ಹೊದಿಸುತ್ತಾರೆ. ಜೋಳ ಇರುವ ಕಡೆ ಮಿಂಚುವ ಪಟ್ಟಿ ಕಟ್ಟುತ್ತಾರೆ, ಪಟಾಕಿ ಹಾರಿಸುತ್ತಾರೆ. ದಿನವಿಡೀ ಹೊಲದಲ್ಲಿ ನಿಲ್ಲಲು ಮನೆಯಲ್ಲಿ ಆಳಿಲ್ಲ, ಮಕ್ಕಳು ಶಾಲೆಗೆ ಹೋಗುತ್ತಾರೆ. ಮಕ್ಕಳು ಶಾಲೆಗೆ ಹೋಗಬೇಕಾದದ್ದೇ. ಆದರೆ ಆಯಿಯ ಕೈಯಲ್ಲಿ ಇರುವ ವಿದ್ಯೆ ಆ ಕೆಲಸದ ಜೊತೆಗೇ ಮುಗಿದು ಹೋಗುವುದು ನನಗೆ ಸರಿ ಕಾಣಲಿಲ್ಲ. ಕೆಲಸ ಹೋದರೆ ಹೋಗಲಿ, ಆಟವಾಗಿ ಉಳಿಯಬಹುದಲ್ಲ? ಈಟಿ ಎಸೆತ, ಬಿಲ್ಲುಗಾರಿಕೆ ಎಲ್ಲ ಹಾಗೇ ಉಳಿದುಕೊಂಡಿವೆ.

ನಾನು ಕವಣೆ ಇಳಿಸಿ ಕೇಳಿದಾಗ ನಮ್ಮ ಕಾಕಾ, “ಹಕ್ಕಿ ಇಲ್ಲದ ಹೊಲದಾಗ ಕವಣಿ ಯಾಕ?” ಎಂದ. ಆಯಿ ನನಗಿಂತ ಮೊದಲು ಉತ್ತರ ಕೊಟ್ಟಳು. “ಚೆಂಡ ಆಡವ್ರಿಗೆ ಯಾಕ ಅಂತ ಯಾರ ಕೇಳತಾರ? ಇಕಿ ಆಡ್ಲಿ ಬಿಡು.”

ಮೊದಲು ಕವಣೆ ಮಾಡಿಕೊಳ್ಳುವುದನ್ನು ಹೇಳುತ್ತೇನೆ. ಕೊಂಡು ತರುವುದಕ್ಕಿಂತ ಮಾಡಿಕೊಳ್ಳುವುದೇ ಒಳ್ಳೆಯದು, ಯಾಕೆಂದರೆ ಅಳತೆ ನಿಮ್ಮ ಮೈಗೆ ಹೊಂದಬೇಕು. ಆಯಿ ಮಾಡುವುದು ಪುಂಡಿ ನಾರಿನಿಂದ. ಪಲ್ಯ ಮಾಡುತ್ತೇವಲ್ಲ, ಅದೇ ಪುಂಡಿ. ಹೊಲದ ಬದುವಿಗೆ ಹಾಕಿ, ಬೆಳೆದ ಕಟ್ಟಿಗೆಯನ್ನು ನೀರಲ್ಲಿ ಕೊಳೆ ಹಾಕಿ, ಸಿಪ್ಪೆ ಸುಲಿದು ತೆಗೆದ ನಾರು. ಅದು ಹಿಗ್ಗುವುದಿಲ್ಲ, ಬೆವರಿದ ಕೈಯಲ್ಲೂ ಜಾರುವುದಿಲ್ಲ. ಪುಂಡಿ ನಾರು ಸಿಗದವರು ಸೆಣಬಿನ ಹುರಿ ಅಥವಾ ನೂಲಿನ ಹಗ್ಗ ತಗೊಳ್ಳಿ. ದಪ್ಪ ನಾಲ್ಕೈದು ಮಿಲಿಮೀಟರ್ ಇದ್ದರೆ ಹಿಡಿತ ಸಿಗುತ್ತದೆ. ನೈಲಾನ್ ಹಗ್ಗ ಬೇಡ. ಅದು ಎಳೆದರೆ ಹಿಗ್ಗುತ್ತದೆ, ಬಿಡುವಾಗ ಬೆರಳಿನ ಚರ್ಮ ಉಜ್ಜಿ ಉರಿಸುತ್ತದೆ.

ಹೆಣೆಯುವುದು ಮೂರೆಳೆ ಜಡೆ. ನಾವು ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದು ಹಗ್ಗದ ತುದಿಯಲ್ಲಿ ಬೆರಳು ಹೋಗುವಷ್ಟು ಕುಣಿಕೆ, ಇನ್ನೊಂದರ ತುದಿಯಲ್ಲಿ ಒಂದು ಗಂಟು. ನಡುವಿನ ಪಟ್ಟಿ ಹನ್ನೆರಡು ಸೆಂಟಿಮೀಟರ್ ಉದ್ದ, ಐದಾರು ಸೆಂಟಿಮೀಟರ್ ಅಗಲ ಇರಲಿ. ಆಯಿ ಪಟ್ಟಿಯನ್ನೂ ನಾರಿನಲ್ಲೇ ನೇಯುತ್ತಾಳೆ, ಮಧ್ಯದಲ್ಲಿ ಉದ್ದಕ್ಕೆ ಒಂದು ಸೀಳು ಬಿಡುತ್ತಾಳೆ. ಕಲ್ಲು ಆ ಸೀಳಿನಲ್ಲಿ ಕೂತುಕೊಳ್ಳುತ್ತದೆ, ತಿರುಗಿಸುವಾಗ ಪಕ್ಕಕ್ಕೆ ಜಾರಿ ಬೀಳುವುದಿಲ್ಲ. ನೇಯಲು ಬಾರದವರು ಹಳೆಯ ಚರ್ಮದ ಚೀಲದ ತುಂಡು ಕತ್ತರಿಸಿ ಎರಡು ತುದಿಗೆ ತೂತು ಮಾಡಿದರೂ ನಡೆಯುತ್ತದೆ. ಕೆಲವರು ಬಿಡುವ ಹಗ್ಗದ ತುದಿಗೆ ಒಂದಿಷ್ಟು ಬಿಡಿ ನಾರು ಉಳಿಸುತ್ತಾರೆ. ಬೀಸಿದಾಗ ಅದು ಚಾಟಿಯ ಹಾಗೆ ಚಟ್ಟನೆ ಸದ್ದು ಮಾಡುತ್ತದೆ. ಹೊಲ ಕಾಯುವಾಗ ಅರ್ಧ ಹಕ್ಕಿ ಆ ಸದ್ದಿಗೇ ಎದ್ದು ಹೋಗುತ್ತಿದ್ದವಂತೆ.

ಉದ್ದ ಎಷ್ಟು? ಕುಣಿಕೆಯನ್ನು ಬೆರಳಿಗೆ ಹಾಕಿ, ಎರಡೂ ಹಗ್ಗ ಕೂಡಿಸಿ ಹಿಡಿದು, ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಲ್ಲಿ. ಪಟ್ಟಿ ನೆಲಕ್ಕೆ ತಾಗಬಾರದು. ಮಡಚಿದ ಉದ್ದ ಅರವತ್ತರಿಂದ ಎಪ್ಪತ್ತು ಸೆಂಟಿಮೀಟರ್ ಇದ್ದರೆ ಹೊಸಬರಿಗೆ ಸರಿ. ಉದ್ದದ ಕವಣೆ ದೂರ ಹೋಗುತ್ತದೆ ನಿಜ, ಆದರೆ ಹತೋಟಿ ಕಷ್ಟ. ಇನ್ನೊಂದು ಮಾತು. ಗಂಟನ್ನು ಕೊನೆಗೆ ಹಾಕಿ. ಪಟ್ಟಿಯಲ್ಲಿ ಕಲ್ಲಿಟ್ಟು, ಕುಣಿಕೆ ಬೆರಳಿಗೆ ಹಾಕಿ, ಪಟ್ಟಿ ಸಮನಾಗಿ ತೂಗುವಂತೆ ಇನ್ನೊಂದು ಹಗ್ಗ ಎಳೆದುಕೊಳ್ಳಿ. ಬೆರಳಿಗೆ ಸಿಕ್ಕ ಆ ಜಾಗಕ್ಕೇ ಗಂಟು. ಒಂದು ಹಗ್ಗ ಒಂದು ಬೆರಳಷ್ಟು ಗಿಡ್ಡವಾದರೂ ಪಟ್ಟಿ ಓರೆಯಾಗುತ್ತದೆ, ಕಲ್ಲು ಹೋಗುವ ದಿಕ್ಕೇ ಬದಲಾಗುತ್ತದೆ.

ಕಲ್ಲು ಕಲ್ಲು ಎನ್ನುತ್ತಿದ್ದೇನೆ, ಆದರೆ ಶುರುವಿಗೆ ಕಲ್ಲು ಮುಟ್ಟಲೇಬೇಡಿ. ಟೆನಿಸ್ ಚೆಂಡು ತಗೊಳ್ಳಿ. ಅದರ ತೂಕ ಸುಮಾರು 58 ಗ್ರಾಂ, ಯಾರಿಗಾದರೂ ತಾಗಿದರೂ ತಲೆ ಒಡೆಯುವುದಿಲ್ಲ, ಹಳದಿ ಬಣ್ಣ ದೂರಕ್ಕೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲ ಚೆಂಡಿನ ತೂಕ ಒಂದೇ. ಹೊಲದಲ್ಲಿ ಆರಿಸಿದ ಕಲ್ಲು ಒಂದೊಂದು ಒಂದೊಂದು ತೂಕ, ಒಂದೊಂದು ಆಕಾರ. ಕೈ ಏನನ್ನೂ ನೆನಪಿಟ್ಟುಕೊಳ್ಳಲು ಆಗುವುದಿಲ್ಲ. ಚೆಂಡಿನ ಹಂತ ದಾಟಿದ ಮೇಲೆ ಮಣ್ಣಿನ ಉಂಡೆ. ನಮ್ಮ ಎರಿ ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಜಿಗುಟು ಜಾಸ್ತಿ. ಸ್ವಲ್ಪ ಜೋಳದ ಹೊಟ್ಟು ಕಲಸಿ, ಲಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ನೆರಳಲ್ಲಿ ಎರಡು ದಿನ, ಆಮೇಲೆ ಬಿಸಿಲಿಗೆ. ನೇರ ಬಿಸಿಲಿಗೆ ಇಟ್ಟರೆ ಸೀಳುತ್ತದೆ. ತಕ್ಕಡಿಯಲ್ಲಿ ಒಂದೇ ತೂಕಕ್ಕೆ ಮಣ್ಣು ತೂಗಿ ಕಟ್ಟಿದರೆ ಎಲ್ಲವೂ ಸರಿಸಮ. ಉಂಡೆ ಬಿದ್ದಲ್ಲಿ ಒಡೆದು ಮಣ್ಣಾಗುತ್ತದೆ. ಹೊಲದಲ್ಲಿ ಕಲ್ಲು ಉಳಿಯುವುದಿಲ್ಲ, ಕುಂಟೆಗೆ ಸಿಕ್ಕುವುದಿಲ್ಲ, ಹೊಲದವರು ಬೈಯುವುದಿಲ್ಲ.

ಇನ್ನು ಬೀಸುವುದು. ಕುಣಿಕೆ ನಡುಬೆರಳಿಗೆ. ಗಂಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ಬಲಗೈಯವರಾದರೆ ಎಡ ಭುಜ ಗುರಿಯ ಕಡೆಗೆ. ಎಡಗೈಯಲ್ಲಿ ಚೆಂಡಿರುವ ಪಟ್ಟಿಯನ್ನು ಮುಂದೆ ಹಿಡಿದು ಹಗ್ಗ ಬಿಗಿ ಮಾಡಿಕೊಳ್ಳಿ. ಈಗ ಪಟ್ಟಿ ಬಿಡಿ. ಅದು ಮುಂದಿನಿಂದ ಮೇಲೆದ್ದು ಹಿಂದೆ ಹೋಗಿ ಬಲಗಡೆ ಕೆಳಗೆ ಇಳಿದು ಸುತ್ತಿ ಬರಲಿ. ಪಾದದ ಪಕ್ಕದಲ್ಲಿ ಹಾಯುವಾಗ ಅದು ಮುಂದಕ್ಕೆ ಹೋಗುತ್ತಿರಬೇಕು, ಆ ದಿಕ್ಕಿಗೇ ಸುತ್ತು ಹಾಕಿ. ತೋಳಿಡೀ ತಿರುಗಿಸುವುದಲ್ಲ. ಆಯಿಯ ಮಾತಲ್ಲಿ ಹೇಳಬೇಕೆಂದರೆ, “ಮಣಿಕಟ್ಟ ತಿರಗಸು, ರಟ್ಟಿ ಸುಮ್ಮ ಇರ್ಲಿ.” ಒಂದೆರಡು ಸುತ್ತು ಸಾಕು. ಪಟ್ಟಿ ಕೆಳಗಿನ ತುದಿ ದಾಟಿ ಮುಂದಕ್ಕೆ ಏಳುವ ಹೊತ್ತಿಗೆ ತೋಳನ್ನು ಗುರಿಯ ಕಡೆ ಚಾಚುತ್ತಾ ಗಂಟು ಬಿಡಿ. ಕುಣಿಕೆ ಬೆರಳಲ್ಲೇ ಉಳಿಯುತ್ತದೆ, ಪಟ್ಟಿ ಬಿಚ್ಚಿಕೊಳ್ಳುತ್ತದೆ, ಚೆಂಡು ಹೊರಡುತ್ತದೆ.

ಚೆಂಡು ಕಾಲ ಮುಂದೆಯೇ ನೆಲಕ್ಕೆ ಬಡಿದರೆ ಬೇಗ ಬಿಟ್ಟಿದ್ದೀರಿ. ಆಕಾಶಕ್ಕೆ ಎದ್ದರೆ ತಡವಾಗಿ ಬಿಟ್ಟಿದ್ದೀರಿ. ಇನ್ನೂ ತಡವಾದರೆ ತಲೆಯ ಮೇಲಿಂದ ಹಿಂದಕ್ಕೆ ಹೋಗುತ್ತದೆ. ಹೀಗೆ ಒಂದೇ ನೆಟ್ಟಗಿನ ಸುತ್ತಿನಲ್ಲಿ ಬೀಸುವುದರಿಂದ ತಪ್ಪು ಬಂದರೂ ಮೇಲೆ ಕೆಳಗೆ ಬರುತ್ತದೆ, ಎಡ ಬಲಕ್ಕೆ ಅಷ್ಟಾಗಿ ಹೋಗುವುದಿಲ್ಲ. ಅದಕ್ಕೇ ಹೊಸಬರಿಗೆ ಇದು ಒಳ್ಳೆಯ ಶುರು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹೇಳಬೇಕು. ಲೆಕ್ಕ ನನ್ನ ಹೊಟ್ಟೆಪಾಡು, ಜೊತೆಗೆ ಕವಣೆಯ ಗುಟ್ಟೆಲ್ಲ ಲೆಕ್ಕದಲ್ಲೇ ಇದೆ. ಮೊಣಕೈಯಿಂದ ಅಂಗೈವರೆಗೆ 35 ಸೆಂಟಿಮೀಟರ್ ಅಂದುಕೊಳ್ಳಿ. ಅದಕ್ಕೆ 70 ಸೆಂಟಿಮೀಟರಿನ ಕವಣೆ ಸೇರಿದರೆ 105. ತಿರುಗುವ ವೇಗ ಅದೇ ಇದ್ದರೂ ತುದಿಯ ವೇಗ ಮೂರು ಪಟ್ಟು. ಸೆಕೆಂಡಿಗೆ ಮೂರು ಸುತ್ತಿನ ವೇಗವಿದ್ದರೆ ಬರೀ ಮುಂಗೈಯ ತುದಿ ಸೆಕೆಂಡಿಗೆ ಏಳು ಮೀಟರ್ ಹತ್ತಿರ ಹೋಗುತ್ತದೆ. ಕವಣೆಯ ತುದಿ ಇಪ್ಪತ್ತರ ಹತ್ತಿರ. ನಮ್ಮ ಶಕ್ತಿ ಹೆಚ್ಚಾಗಿಲ್ಲ, ನಮ್ಮ ತೋಳು ಉದ್ದವಾಗಿದೆ.

ಈಗ ಬಿಡುವ ಲೆಕ್ಕ. ಸೆಕೆಂಡಿಗೆ ಮೂರು ಸುತ್ತು ಎಂದರೆ ಒಂದು ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಕವಣೆ ಸುಮಾರು 11 ಡಿಗ್ರಿ ತಿರುಗಿರುತ್ತದೆ. ಅಷ್ಟು ತಡವಾದರೆ ಇಪ್ಪತ್ತು ಮೀಟರ್ ದೂರದ ಗುರಿಯಿಂದ ಹತ್ತಿರ ಹತ್ತಿರ ನಾಲ್ಕು ಮೀಟರ್ ತಪ್ಪುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ಕೊಡಲು ಮನುಷ್ಯರಿಗೆ ಸುಮಾರು ಸೆಕೆಂಡಿನ ಐದನೇ ಒಂದು ಪಾಲು ಬೇಕು. ಅಷ್ಟರಲ್ಲಿ ಕವಣೆ ಅರ್ಧ ಸುತ್ತು ದಾಟಿ ಹೋಗಿರುತ್ತದೆ. ಅಂದರೆ, ಪಟ್ಟಿ ಸರಿಯಾದ ಜಾಗಕ್ಕೆ ಬಂದದ್ದನ್ನು ನೋಡಿ ಬಿಡುತ್ತೇನೆ ಎನ್ನುವುದು ಆಗದ ಮಾತು. ಹೊಸಬರೆಲ್ಲ ಮಾಡಲು ನೋಡುವುದು ಅದನ್ನೇ.

ಮತ್ತೆ ಬಿಡುವುದು ಹೇಗೆ? ಆಯಿ ಬಂಡಿಯ ನೆರಳಲ್ಲಿ ಕೂತು ನಾನು ಬೀಸುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, “ಯವ್ವಾ, ನೀ ಕಲ್ಲ ನೋಡಾಕತ್ತಿ. ಅದು ಕಣ್ಣಿಗೆ ಸಿಗೂದಿಲ್ಲ. ಬಾಯಿಲೆ ಕೂಗು, ಕೈ ತಾನ ಬಿಡತೈತಿ” ಎಂದಳು. ಎದ್ದು ಬಂದು ಕವಣೆ ತಗೊಂಡಳು. “ಹೋ… ಹೋ… ಹೋಯ್!” ಮೂರನೇ ಕೂಗಿಗೆ ಉಂಡೆ ಹೋಗಿ ಬದುವಿನ ಆಚೆ ಬಿತ್ತು. ಮೊಣಕಾಲು ನೋವಿರುವ, ಕೋಲು ಹಿಡಿದು ನಡೆಯುವ ಆಯಿ. ನನಗೆ ಮೈ ಜುಂ ಎಂದಿತು.

ಆ ಕೂಗನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಹಕ್ಕಿಯನ್ನು ಹೆದರಿಸಲು ಕೂಗುತ್ತಾರೆ ಎಂದುಕೊಂಡಿದ್ದೆ. ಹೆದರಿಸಲೂ ಹೌದು. ಆದರೆ ಅದು ಕೈಗೆ ತಾಳವೂ ಹೌದು. ಮೊದಲ ಕೂಗಿಗೆ ಒಂದು ಸುತ್ತು, ಎರಡನೆಯದಕ್ಕೆ ಇನ್ನೊಂದು, ಮೂರನೆಯದು ಗಿಡ್ಡ ಮತ್ತು ಜೋರು, ಅದಕ್ಕೆ ಬಿಡುಗಡೆ. ಕಣ್ಣು ಹಿಡಿಯಲಾರದ ಕ್ಷಣವನ್ನು ಬಾಯಿ ಹಿಡಿಯುತ್ತದೆ. ಸುತ್ತು ಯಾವ ವೇಗದಲ್ಲಿ ಬರಬೇಕು, ಯಾವಾಗ ಮುಗಿಯಬೇಕು ಎಂದು ಕೂಗು ಮೊದಲೇ ಗೊತ್ತು ಮಾಡಿಟ್ಟಿರುತ್ತದೆ. ಕೈ ಅದರ ಹಿಂದೆ ಹೋಗುತ್ತದೆ ಅಷ್ಟೇ. ಕವಣೆಯ ಬಗ್ಗೆ ನಾನು ಹೇಳಬೇಕಾದ ಒಂದೇ ಒಂದು ಮಾತು ಇದ್ದರೆ ಅದು ಇದು. ಜೋರು ಮಾಡಲು ಹೋಗಬೇಡಿ, ತಾಳ ಹಿಡಿಯಿರಿ. ನಾಚಿಕೆ ಬಿಟ್ಟು ಬಾಯಿ ಬಿಟ್ಟು ಕೂಗಿ. “ಜೋರ ಆಮ್ಯಾಲ ತಾನ ಬರತೈತಿ” ಎನ್ನುತ್ತಾಳೆ ಆಯಿ, ಬಂದೇ ಬರುತ್ತದೆ. ತಾಳ ಕೂತ ಮೇಲೆ ಚೆಂಡು ಒಂದರ ಪಕ್ಕ ಒಂದು ಬೀಳಲು ಶುರುವಾಗುತ್ತದೆ. ಆ ಸಂತೋಷ ಬೀಸಿದವರಿಗೇ ಗೊತ್ತು.

ಆಯಿ ಬೀಸುವುದು ನಾನು ಮೇಲೆ ಹೇಳಿದ ರೀತಿಯಲ್ಲಲ್ಲ. ಅವಳದು ತಲೆಯ ಮೇಲಿನ ಅಡ್ಡ ಸುತ್ತು. ಯಾಕೆ ಎಂದು ಯೋಚಿಸಿದಾಗ ಕಾರಣ ಹೊಳೆಯಿತು. ಮಾಲದಂಡಿ ಜೋಳ ಆಳಿಗಿಂತ ಎತ್ತರ ಬೆಳೆಯುತ್ತದೆ. ಮಂಚಿಗೆಯ ಮೇಲೆ ನಿಂತು ಕೆಳಗಿಂದ ಸುತ್ತಿದರೆ ಹಗ್ಗ ಹಲಗೆಗೆ ಬಡಿಯುತ್ತದೆ, ತೆನೆಗೆ ಸಿಕ್ಕುತ್ತದೆ. ತಲೆಯ ಮೇಲೆ ಮಾತ್ರ ಜಾಗ. ಮೇಲಾಗಿ ಹಿಂಡನ್ನು ಎಬ್ಬಿಸಲು ಕಲ್ಲು ಇಂಥ ತೆನೆಯ ಪಕ್ಕವೇ ಬೀಳಬೇಕು ಎಂದೇನಿಲ್ಲ, ಆ ಮೂಲೆಗೆ ಹೋದರೆ ಸಾಕು. ಅಡ್ಡ ಸುತ್ತಿನಲ್ಲಿ ತಪ್ಪು ಬಂದರೆ ಎಡಕ್ಕೋ ಬಲಕ್ಕೋ ಹೋಗುತ್ತದೆ. ಗುರಿಯ ಆಟಕ್ಕೆ ಅದು ಕಷ್ಟ. ಕುರಿ ಕಾಯುವವರು ಬೀಸುವ ರೀತಿ ಇನ್ನೊಂದು. ಒಂದೇ ಸುತ್ತು, ಪಟ್ಟನೆ ಬಿಡುವುದು. ದಾರಿ ತಪ್ಪಿದ ಕುರಿಯ ಮುಂದೆ ಕಲ್ಲು ಬಿದ್ದು ಅದು ತಿರುಗಬೇಕು, ಕುರಿಗೆ ಮಾತ್ರ ತಾಗಬಾರದು. ಅಷ್ಟು ಹದ ನನಗೆ ಇನ್ನೂ ದೂರ.

ಅಪಾಯದ ಮಾತು. ಇದನ್ನು ಓದದೆ ದಾಟಬೇಡಿ. ಕವಣೆ ಆಟದ ಸಾಮಾನಾಗುವ ಮೊದಲು ಯುದ್ಧದ ಆಯುಧವಾಗಿತ್ತು. ಕೈ ಕುದುರಿದವರು ಸೆಕೆಂಡಿಗೆ 30 ಮೀಟರ್ ವೇಗ ಸುಲಭವಾಗಿ ಮುಟ್ಟುತ್ತಾರೆ, ಗಂಟೆಗೆ 108 ಕಿಲೋಮೀಟರ್. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಆ ವೇಗದ ಕಲ್ಲು ಸುಮಾರು 90 ಮೀಟರ್ ಹೋಗಿ ಬೀಳಬಲ್ಲದು. ಆದ್ದರಿಂದ ಮುಂದೆ ಕನಿಷ್ಠ ನೂರೈವತ್ತು ಮೀಟರ್ ಖಾಲಿ ಬೇಕು. ಹಿಂದೆ ಮತ್ತು ಪಕ್ಕದಲ್ಲೂ ಯಾರೂ ಇರಬಾರದು, ಯಾಕೆಂದರೆ ತಡವಾದ ಕಲ್ಲು ಎಲ್ಲಿಗೆ ಹೋಗುತ್ತದೆ ಎಂದು ಆಗಲೇ ಹೇಳಿದೆ. ನೋಡಲು ಬಂದ ಮಕ್ಕಳು ಬಂಡಿಯ ಹಿಂದೋ ಗೋಡೆಯ ಹಿಂದೋ ನಿಲ್ಲಲಿ. ಸೋಲಾರ್ ಹಲಗೆ, ಕರೆಂಟಿನ ತಂತಿ, ದ್ರಾಕ್ಷಿ ತೋಟ, ಹೊಲದ ದಾರಿ, ಮೇಯುವ ದನ ಇವು ಕಣ್ಣಳತೆಯಲ್ಲಿದ್ದರೆ ಆ ಜಾಗ ಬೇಡ. ಒಬ್ಬರು ಬೀಸುವಾಗ ಇನ್ನೊಬ್ಬರು ಚೆಂಡು ಆರಿಸಲು ಹೋಗಬಾರದು. ಎಲ್ಲರದೂ ಮುಗಿದ ಮೇಲೆ ಒಟ್ಟಿಗೆ ಹೋಗಿ. ಹಗ್ಗ ಸವೆದಿದೆಯಾ ಎಂದು ಪ್ರತಿ ಸಲ ಕುಣಿಕೆಯ ಹತ್ತಿರ ನೋಡಿ, ಮೊದಲು ಹರಿಯುವುದು ಅಲ್ಲೇ.

ಜೀವ ಇರುವ ಯಾವುದಕ್ಕೂ ಗುರಿ ಇಡಬೇಡಿ. ಹೊಲ ಕಾಯುತ್ತಿದ್ದವರೂ ಹಕ್ಕಿಯನ್ನು ಎಬ್ಬಿಸಲು ಬೀಸುತ್ತಿದ್ದರು, ಕೊಲ್ಲಲು ಅಲ್ಲ. ಗಿಳಿ, ಕಬ್ಬಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಅದೂ ಅಲ್ಲದೆ ಗುಲಾಬಿ ಕಬ್ಬಕ್ಕಿ ಬರೀ ಜೋಳ ತಿನ್ನುವುದಿಲ್ಲ, ಮಿಡತೆಯನ್ನೂ ಬಾಚಿ ಬಾಚಿ ತಿನ್ನುತ್ತದೆ. ಸೋಲಾಪುರದ ಹತ್ತಿರ ನಾನಜದಲ್ಲಿ ದೊಡ್ಡ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಾಗಿ ಕಾದಿಟ್ಟ ಹುಲ್ಲುಗಾವಲಿದೆ, ಅಲ್ಲಿ ಕೃಷ್ಣಮೃಗಗಳೂ ಇವೆ. ಅಂಥ ಕಡೆ ಕವಣೆ ತೆಗೆದುಕೊಂಡು ಹೋಗುವುದೇ ಬೇಡ. ನೋಡಲು ಬರಿಗೈಯಲ್ಲಿ ಹೋಗಿ.

ನಮ್ಮ ಗುರಿ ಗೋಣಿಚೀಲ. ಎರಡು ಗಳ ನೆಟ್ಟು, ಅಡ್ಡಕ್ಕೆ ಹಗ್ಗ ಕಟ್ಟಿ, ಎರಡು ಚೀಲ ಬಿಚ್ಚಿ ಹೊಲಿದು ನೇತು ಹಾಕಿದ್ದೇವೆ. ನಡುವೆ ಸುಣ್ಣದಲ್ಲಿ ಒಂದು ವೃತ್ತ. ಕೆಳತುದಿ ಬಿಟ್ಟಿರುವುದರಿಂದ ಉಂಡೆ ತಾಗಿದರೆ ಚೀಲ ಹಿಂದೆ ಸರಿದು ಪೆಟ್ಟು ನುಂಗುತ್ತದೆ. ತಗಡು ಕಟ್ಟಬೇಡಿ, ಉಂಡೆ ಸಿಡಿದು ವಾಪಸ್ ಬರುತ್ತದೆ. ಮೊದಲು ಹತ್ತು ಹೆಜ್ಜೆ ದೂರ. ಚೀಲಕ್ಕೆ ತಾಗುವುದು ರೂಢಿಯಾದ ಮೇಲೆ ಐದೈದು ಹೆಜ್ಜೆ ಹಿಂದೆ ಸರಿಯಿರಿ. ದೂರ ಹೊಡೆಯುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಗುರಿಯ ಆಟದಲ್ಲಿ ಕಲಿಯುವುದು ಜಾಸ್ತಿ.

ಈ ಹಗ್ಗದ ತುಂಡಿಗೆ ಎಷ್ಟು ವಯಸ್ಸು ಎಂದು ಓದುತ್ತಾ ಹೋದಾಗ ನನಗೆ ಬೆರಗಾಯಿತು. ಈಜಿಪ್ಟಿನ ರಾಜ ಟುಟಂಕಾಮನ್‌ನ ಗೋರಿ 1922ರಲ್ಲಿ ಸಿಕ್ಕಿತಲ್ಲ, ಅದರೊಳಗೆ ಚಿನ್ನದ ಜೊತೆ ನಯವಾಗಿ ಹೆಣೆದ ಕವಣೆಗಳೂ ಇದ್ದವು. ಮೂರು ಸಾವಿರದ ಮುನ್ನೂರು ವರ್ಷದ ಹಿಂದಿನವು. ಸ್ಪೇನಿಗೆ ಸೇರಿದ ಬಾಲಿಯಾರಿಕ್ ದ್ವೀಪದವರು ಹಿಂದೆ ಕವಣೆಗೆ ಹೆಸರಾಗಿದ್ದರು. ಪರದೇಶದ ಸೈನ್ಯಗಳು ಅವರನ್ನು ಸಂಬಳ ಕೊಟ್ಟು ಕರೆಸಿಕೊಳ್ಳುತ್ತಿದ್ದವು. ಅವರ ಹತ್ತಿರ ಮೂರು ಕವಣೆ ಇರುತ್ತಿದ್ದವು, ಒಂದು ತಲೆಗೆ ಸುತ್ತಿದ್ದು, ಒಂದು ಸೊಂಟಕ್ಕೆ, ಒಂದು ಕೈಯಲ್ಲಿ. ಅಲ್ಲಿಯ ತಾಯಂದಿರು ರೊಟ್ಟಿಯನ್ನೇ ಗುರಿ ಮಾಡಿ ಇಟ್ಟು, ಅದಕ್ಕೆ ಹೊಡೆಯುವವರೆಗೆ ಮಕ್ಕಳಿಗೆ ತಿನ್ನಲು ಕೊಡುತ್ತಿರಲಿಲ್ಲ ಎಂದು ಆ ಕಾಲದ ಗ್ರೀಕ್ ಇತಿಹಾಸಕಾರ ಡಿಯೊಡೋರಸ್ ಬರೆದಿದ್ದಾನೆ. ಇದನ್ನು ಆಯಿಗೆ ಹೇಳಿದೆ. “ಹಸದ ಕೂಸಿನ ಕೈ ನಡಗತೈತಿ. ಉಣಿಸಿ ಕಲಸಬೇಕ” ಎಂದಳು. ನಾನು ಆಯಿಯ ಪಕ್ಷ. ಅದೇ ದ್ವೀಪಗಳಲ್ಲಿ ಕವಣೆ ಇವತ್ತಿಗೂ ಪಂದ್ಯದ ಆಟವಾಗಿ ಉಳಿದಿದೆ.

ಕವಣೆಯಲ್ಲಿಟ್ಟು ಬೀಸುತ್ತಿದ್ದ ಅಥೆನ್ಸಿನ ಒಂದು ಸೀಸದ ಗುಂಡು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಬಾದಾಮಿ ಆಕಾರ, ಒಂದು ಬದಿಗೆ ರೆಕ್ಕೆಯಿರುವ ಸಿಡಿಲು, ಇನ್ನೊಂದು ಬದಿಗೆ ‘ಹಿಡಿ’ ಎಂಬ ಅರ್ಥದ ಗ್ರೀಕ್ ಪದ. ಪೆರುವಿನ ಬೆಟ್ಟಗಳಲ್ಲಿ, ಟಿಬೆಟ್ಟಿನಲ್ಲಿ ದನ ಕುರಿ ಕಾಯುವವರು ಉಣ್ಣೆಯ ಕವಣೆ ಹೆಣೆಯುತ್ತಾರೆ. ದೂರದ ದಾಖಲೆ ನೋಡಿದರೆ, 1981ರಲ್ಲಿ ಅಮೆರಿಕದ ಯೂಟಾದಲ್ಲಿ ಲ್ಯಾರಿ ಬ್ರೇ ಎಂಬುವವರು 52 ಗ್ರಾಂ ಕಲ್ಲನ್ನು 437 ಮೀಟರ್ ದೂರಕ್ಕೆ ಬೀಸಿದರು. 1992ರಲ್ಲಿ ಡೇವಿಡ್ ಎಂಗ್ವಾಲ್ ಕಲ್ಲಿನ ಬದಲು ಬಾಣದಂಥದ್ದನ್ನು ಬಳಸಿ 477 ಮೀಟರ್ ದಾಟಿಸಿದರು. ನಮ್ಮ ಹೊಲದಿಂದ ಬೀಸಿದರೆ ಊರ ಅಗಸಿಯ ಆಚೆ ಹೋಗುವಷ್ಟು ದೂರ!

ಇಷ್ಟೆಲ್ಲ ಓದಿದ ಮೇಲೆ ಒಂದು ವಿಷಯ ಮನಸ್ಸಿಗೆ ನಾಟಿತು. ಆ ರಾಜರ, ಸೈನಿಕರ ಕವಣೆಗೆ ಬರಹ ಇದೆ, ಮ್ಯೂಸಿಯಮ್ ಇದೆ. ಜತ್ತ, ಅಕ್ಕಲಕೋಟೆ, ಇಂಡಿ, ಚಡಚಣದ ಹೊಲಗಳಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ನಿಂತು ಮನೆಯವರ ರೊಟ್ಟಿ ಉಳಿಸಿದ ಹೆಂಗಸರ ಕವಣೆಗೆ ಏನೂ ಇಲ್ಲ. ಅವರು ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಇದ್ದಾರೆ. ಕುಣಿಕೆ ಯಾವ ಬೆರಳಿಗೆ ಹಾಕುತ್ತಿದ್ದರು, ಹೇಗೆ ಕೂಗುತ್ತಿದ್ದರು, ಉಂಡೆಗೆ ಏನು ಕಲಸುತ್ತಿದ್ದರು ಎಂದು ಕೇಳಿ. ಫೋನಿನಲ್ಲಿ ಆ ಕೂಗು ರೆಕಾರ್ಡ್ ಮಾಡಿಕೊಳ್ಳಿ. ಒಂದೊಂದು ಊರಿನ ಕೂಗು ಒಂದೊಂದು ಥರ. ಆಯಿಯ ತವರೂರಿನಲ್ಲಿ ನಾಲ್ಕು ಕೂಗಿನ ಬೀಸು ಇತ್ತಂತೆ, ಮದುವೆಯಾಗಿ ಬಂದ ಮೇಲೆ ಇಲ್ಲಿಯವರಂತೆ ಮೂರಕ್ಕೆ ಬದಲಾಯಿಸಿಕೊಂಡಳು.

ಮೈಗೆ ಏನಾಯಿತು ಎಂದು ಕೇಳುವವರಿಗೆ: ಕುತ್ತಿಗೆ ಹಗುರಾಗಿದೆ, ಭುಜ ಸಡಿಲವಾಗಿದೆ. ಒಂದೇ ಕೈಯಲ್ಲಿ ಬೀಸುತ್ತಿದ್ದರೆ ಆ ಮೊಣಕೈ ನೋಯಲು ಶುರುವಾಗುತ್ತದೆ, ಅದಕ್ಕೆ ಎಡಗೈಯಲ್ಲೂ ಅಷ್ಟೇ ಬೀಸಿ.  ಶುರು ಮಾಡುವ ಮುಂಚೆ ಬರಿಗೈಯಲ್ಲಿ ಭುಜ ತಿರುಗಿಸಿಕೊಳ್ಳಿ.

ನಮ್ಮ ಕಡೆ ಇದಕ್ಕೆ ಹದವಾದ ಕಾಲ ಸುಗ್ಗಿ ಮುಗಿದ ಮೇಲೆ, ಮಾರ್ಚಿನಿಂದ ಮೇವರೆಗೆ. ಜೋಳ ಕೊಯ್ದು, ಕಣಿಕೆ ಬಣವೆಗೆ ಸೇರಿ, ಹೊಲದಲ್ಲಿ ಬರೀ ಕೂಳೆ ಇರುತ್ತದೆ. ಬೆಳಿಗ್ಗೆ ಏಳರೊಳಗೆ ಮುಗಿಸಬೇಕು, ಆಮೇಲೆ ಬಿಸಿಲು ಸುಡುತ್ತದೆ. ಎರಿ ನೆಲ ಬಿರಿದಿರುತ್ತದೆ, ಚೆಂಡು ಆರಿಸಲು ಓಡುವಾಗ ಕಾಲು ಬಿರುಕಿಗೆ ಸಿಕ್ಕದಂತೆ ನೋಡಿಕೊಳ್ಳಿ. ಮಳೆ ಬಿದ್ದು ಹೊಲ ಹರಗಲು ಶುರುವಾದರೆ ನಾವು ಮಡ್ಡಿಗೆ ಹೋಗುತ್ತೇವೆ. ಅಲ್ಲಿ ಕಲ್ಲು ಜಾಸ್ತಿ, ಜಾಲಿ ಕಂಟಿಯಲ್ಲಿ ಚೆಂಡು ಕಳೆಯುತ್ತವೆ, ಆದರೆ ಜನ ಇಲ್ಲ.

ಈ ವರ್ಷ ನಮ್ಮ ಬದುವಿನ ಉದ್ದಕ್ಕೂ ಪುಂಡಿ ಹಾಕುತ್ತೇವೆ. ಆಯಿ ಬೀಜ ಕಟ್ಟಿಟ್ಟಿದ್ದಾಳೆ. ಮುಂಗಾರಿಗೆ ಬಿತ್ತಿದರೆ ದೀಪಾವಳಿ ಹೊತ್ತಿಗೆ ನಾರು ತೆಗೆಯಬಹುದು. ಓಣಿಯ ಹುಡುಗಿಯರು ಒಬ್ಬೊಬ್ಬರೂ ತಮ್ಮ ಕವಣೆ ತಾವೇ ಹೆಣೆಯಬೇಕು ಎಂದು ಆಯಿ ಕಟ್ಟಪ್ಪಣೆ ಮಾಡಿದ್ದಾಳೆ. ಉಮದಿ ಕಡೆ ಬರುವವರು ದೀಪಾವಳಿ ಆದ ಮೇಲೆ ಬನ್ನಿ, ನಾರು ಕೊಡುತ್ತೇವೆ. ಟೆನಿಸ್ ಚೆಂಡು ನೀವೇ ತನ್ನಿ.